ಮೂರನೆಯವಳ ಎಡ ಭುಜ

ನನ್ನ ಅಕ್ಕನ ಮನೆಯಲ್ಲಿ ಒಟ್ಟು ಹದಿನೇಳು ಹೆಂಗಸರಿದ್ದಾರೆ. ಅವರಲ್ಲಿ ಉಸಿರಾಡುವವಳು ಅಕ್ಕ ಒಬ್ಬಳೇ!

ಗಾಬರಿಯಾಗಬೇಡಿ. ಪೊಲೀಸರಿಗೆ ಹೇಳುವಂಥದ್ದು ಏನೂ ಇಲ್ಲ. ಉಳಿದ ಹದಿನಾರು ಮಂದಿ ಅಕ್ಕ ಕೈಯಾರೆ ಮಾಡಿದವರು. ಕೆಲವರಿಗೆ ತಲೆ ಇಲ್ಲ, ಕೆಲವರಿಗೆ ಕೈಕಾಲಿಲ್ಲ, ಒಬ್ಬಳಿಗಂತೂ ಹೊಟ್ಟೆ ಬಿಟ್ಟರೆ ಬೇರೇನೂ ಇಲ್ಲ. ಹಳೆ ಸೀರೆ, ರಬ್ಬರ್ ಶೀಟು, ಅಡಿಕೆ ಹಾಳೆ, ಎಕ್ಸ್‌ರೇ ಫಿಲ್ಮು, ಒಡೆದ ಬಳೆ, ಮದುವೆಯ ಕಾಗದ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಅಂಟಿಸಿ, ಹೊಲಿದು, ಬಣ್ಣ ಬಳಿದು ಹೆಂಗಸಿನ ಮೈ ಮಾಡುವುದು ಅವಳ ಈಗಿನ ಕಸುಬು. ಇದಕ್ಕೆ ಮಿಶ್ರ ಮಾಧ್ಯಮದ ಕಲೆ ಎಂದು ಹೆಸರಂತೆ. ಮಿಶ್ರ ಎಂದರೆ ನನಗೆ ಗೊತ್ತಿದ್ದದ್ದು ಸಿಮೆಂಟು, ಹೊಯಿಗೆ, ಜಲ್ಲಿ ಮಾತ್ರ.

ಕೋಡಿಂಬಾಳದ ಅವಳ ಮನೆಗೆ ಕರೆಂಟಿನ ಮೀಟರ್ ನೋಡಲು ಹೊಸಬನೊಬ್ಬ ಬಂದಿದ್ದ. ಜಗಲಿಯಲ್ಲಿ ಬೆನ್ನು ಹಾಕಿ ನಿಂತವಳನ್ನು ಕಂಡು, "ಅಮ್ಮಾ, ಮೀಟರ್ ಎಲ್ಲಿ ಉಂಟು?" ಎಂದು ಕೇಳಿದ. ಉತ್ತರ ಇಲ್ಲ. ಇನ್ನೊಮ್ಮೆ ಕೇಳಿದ. ಇಲ್ಲ. ಕೊನೆಗೆ ತಾನೇ ಹುಡುಕಿ, ಬಿಲ್ಲು ಹರಿದು ಅವಳ ಕಾಲ ಬುಡದಲ್ಲಿ ಇಟ್ಟು ಹೊರಟ. ಕಾಣಿಯೂರಿನಲ್ಲಿ ನನ್ನ ಅಂಗಡಿಗೆ ಬಂದಾಗ ದೂರು ಕೊಟ್ಟ: "ನಿಮ್ಮ ಅಕ್ಕನವರಿಗೆ ಅಷ್ಟು ಅಹಂಕಾರ ಇರಬಾರದು ಮಾರಾಯ್ರೆ. ಮುಖ ಕೂಡ ತಿರುಗಿಸ್ಲಿಲ್ಲ!"

ತಿರುಗಿಸಲಿಕ್ಕೆ ಮುಖ ಇದ್ದರೆ ತಾನೇ?

ಅಕ್ಕನ ಹೆಸರು ಹೇಳುವುದಿಲ್ಲ. ಹೇಳಿದರೆ ನನ್ನದೂ ಒಂದು ಮೈ ಮಾಡಿ ಜಗಲಿಯಲ್ಲಿ ನಿಲ್ಲಿಸುತ್ತಾಳೆ ಎಂಬ ಹೆದರಿಕೆ ಉಂಟು. ನನ್ನ ವಿಷಯ ಇಷ್ಟು: ಕಾಣಿಯೂರಿನಲ್ಲಿ ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್ಲು, ಶೀಟಿನ ಮಾಡು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಾನು ಬಿಟ್ಟದ್ದಲ್ಲ, ಶಾಲೆಯೇ ನನ್ನನ್ನು ಬಿಟ್ಟದ್ದು ಎನ್ನುತ್ತಾಳೆ ಅಕ್ಕ. ಇರಲಿ. ಆದರೆ ಸುಳ್ಯದಿಂದ ಪುತ್ತೂರಿನವರೆಗೆ ಬಸ್ಸಿನಲ್ಲಿ ಹೋಗಿ ನೋಡಿ. ನನ್ನ ಗೇಟುಗಳು ಎಲ್ಲೆಲ್ಲಿ ಉಂಟು ಎಂದು ನಾನು ಕಿಟಕಿಯಲ್ಲಿ ಬೆರಳು ತೋರಿಸುತ್ತಾ ಹೋಗುತ್ತೇನೆ, ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುವವರೆಗೆ! ಒಂದು ಗೇಟೂ ನೆಲಕ್ಕೆ ತಾಗುವುದಿಲ್ಲ, ಒಂದೂ ಓರೆ ಇಲ್ಲ. ರಸ್ತೆಯ ಆಚೆ ಬದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿದರೆ ಕಾಲು ಇಂಚಿನ ಓರೆಯನ್ನೂ ನಾನು ಹೇಳಬಲ್ಲೆ. ಓರೆ ಕಂಡರೆ ನನಗೆ ಊಟ ಸೇರುವುದಿಲ್ಲ. ಈ ಕಣ್ಣಿನ ಅಹಂಕಾರ ಸ್ವಲ್ಪ ಜಾಸ್ತಿಯೇ ಇತ್ತು ಎಂಬುದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಒಪ್ಪಿಕೊಳ್ಳುವಾಗ ನಾಚಿಕೆ ಹೆಚ್ಚಾಗುತ್ತದೆ.

ಇನ್ನೊಂದು ಮಾತು. ನಾವು ಮನೆಯಲ್ಲಿ ಅರೆಭಾಷೆ ಮಾತಾಡುವವರು. ಓದುವವರಿಗೆ ತೊಂದರೆಯಾಗಬಾರದೆಂದು ಅಕ್ಕನ ಬೈಗುಳವನ್ನೆಲ್ಲ ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಬರುವಾಗ ದಾರಿಯಲ್ಲಿ ಅರ್ಧ ಖಾರ ಕಡಿಮೆಯಾಗಿದೆ.

ಅಕ್ಕ ಗುತ್ತಿಗಾರು ಬದಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದವಳು. ಮೂವತ್ತು ವರ್ಷವೂ ಒಂದೇ ಚಿತ್ರ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಮನೆ, ಮನೆಯ ಎದುರು ಒಬ್ಬ ಹುಡುಗ, ಒಬ್ಬಳು ಹುಡುಗಿ. ಹುಡುಗನಿಗೆ ಎರಡು ಗೆರೆಯ ಕಾಲು. ಹುಡುಗಿಗೆ ಒಂದು ತ್ರಿಕೋನ. ತ್ರಿಕೋನ ಹಾಕಿದರೆ ಹುಡುಗಿ ಮುಗಿಯಿತು! ನಿವೃತ್ತಿಯ ದಿನ ಶಾಲೆಯವರು ಹಾರ ಹಾಕಿ, ರೇಷ್ಮೆಯ ಶಾಲು ಹೊದಿಸಿ, ಜೀಪಿನಲ್ಲಿ ಮನೆಗೆ ಬಿಟ್ಟರು. ಮರುದಿನ ಬೆಳಿಗ್ಗೆ ನಾನು ಹೋಗಿ ನೋಡುತ್ತೇನೆ, ಅಕ್ಕ ಆ ಶಾಲನ್ನು ಕತ್ತರಿಯಲ್ಲಿ ಕತ್ತರಿಸುತ್ತಾ ಕೂತಿದ್ದಾಳೆ!

"ಎಂತ ಮಾಡುದು ಅಕ್ಕ? ಗೌರವದ ಶಾಲು ಅದು!"

"ಮೂವತ್ತು ವರ್ಷ ಮಕ್ಕಳಿಗೆ ತ್ರಿಕೋನ ಕಲಿಸಿದೆ. ಯಾವ ಹೆಂಗಸು ತ್ರಿಕೋನ ಇರ್ತಾಳೆ, ಹೇಳು? ಸುಳ್ಳು ಕಲಿಸಿದ್ದಕ್ಕೆ ಪ್ರಾಯಶ್ಚಿತ್ತ ಮಾಡ್ತಾ ಇದ್ದೇನೆ. ನೀನು ಆ ತುದಿ ಹಿಡಿ."

ಹಿಡಿದೆ. ಅವತ್ತು ಹಿಡಿದ ತುದಿಯನ್ನು ಇವತ್ತಿನವರೆಗೆ ಬಿಡಲಿಕ್ಕಾಗಲಿಲ್ಲ.

ವಾರದ ನಂತರ ಶಾಲು ಒಂದು ಹಲಗೆಯ ಮೇಲೆ ಬಿಗಿದು ಕೂತಿತ್ತು. ಉಬ್ಬು ತಗ್ಗು, ಮೇಲಿನಿಂದ ಕೆಳಗೆ ಕಪ್ಪು ನೂಲಿನ ಒರಟು ಹೊಲಿಗೆ. ಇದೆಂತ ಹೇಳು ನೋಡುವಾ ಎಂದಳು. ನಾನು ದೂರ ನಿಂತೆ, ಹತ್ತಿರ ನಿಂತೆ, ಒಂದು ಕಣ್ಣು ಮುಚ್ಚಿದೆ.

"ನಕ್ಷೆ. ಇದು ಸುಳ್ಯದಿಂದ ಗುತ್ತಿಗಾರಿಗೆ ಹೋಗುವ ರಸ್ತೆ."

"ಅಲ್ಲ ಮಾರಾಯ. ನನ್ನ ಹೊಟ್ಟೆ. ಗರ್ಭಕೋಶ ತೆಗೆದ ಆಪರೇಷನಿನ ಹೊಲಿಗೆ."

ತಪ್ಪಿಸಿಕೊಳ್ಳಲು ನಾನು ಹೇಳಿದೆ: "ಹೌದಾ? ಆ ರಸ್ತೆಯೂ ಹಾಗೆಯೇ ಉಂಟು ಅಕ್ಕ."

ಅವಳು ನಕ್ಕಳು. ಆಪರೇಷನ್ ಆದಾಗ ಕೂಡ ಯಾರೊಟ್ಟಿಗೂ ಒಂದು ಮಾತು ಹೇಳದೆ ಹದಿನೈದು ದಿನ ರಜೆ ಹಾಕಿ ಮತ್ತೆ ಗುಡ್ಡ ಸೂರ್ಯ ಬಿಡಿಸಲಿಕ್ಕೆ ಹೋಗಿದ್ದವಳು ಅವಳು. ಶಾಲೆಯವರು ಹೊದಿಸಿದ ಶಾಲು ಅಷ್ಟು ವರ್ಷದ ನಂತರ ಆ ಗಾಯದ ಮಾತು ತೆಗೆಯಿತು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ನನಗೆ ಎಲ್ಲವೂ ತಡವಾಗಿಯೇ ಹೊಳೆಯುವುದು. ಮುಂದೆ ಗೊತ್ತಾಗುತ್ತದೆ.

ಆಮೇಲೆ ರಬ್ಬರ್ ಶೀಟಿನ ಕಾಲ ಬಂತು. ಹೊಗೆ ಕೊಟ್ಟ ರಬ್ಬರ್ ಶೀಟು ಬೆಳಕಿಗೆ ಹಿಡಿದರೆ ಚರ್ಮದ ಹಾಗೆಯೇ ಕಾಣುತ್ತದೆ ಎಂದು ಅವಳಿಗೆ ಯಾರು ಹೇಳಿದರೋ! ರಬ್ಬರ್ ತೆಗೆದುಕೊಳ್ಳುವ ಅಂಗಡಿಗೆ ಹೋಗಿ ಒಂದೊಂದೇ ಶೀಟನ್ನು ಎತ್ತಿ ತನ್ನ ಕೆನ್ನೆಗೆ ಹಿಡಿದು ನೋಡತೊಡಗಿದಳು. ಅಂಗಡಿಯವರು ಮರ್ಯಾದೆಗೆ ಒಳ್ಳೆಯ ಗ್ರೇಡಿನ ಶೀಟು ತಂದಿಟ್ಟರು. ಅಕ್ಕ ಬದಿಗೆ ಸರಿಸಿದಳು. ಅವಳಿಗೆ ಬೇಕಾದದ್ದು ಗುಳ್ಳೆ ಎದ್ದದ್ದು, ಕಲೆ ಬಿದ್ದದ್ದು, ಹೊಗೆ ಹೆಚ್ಚಾಗಿ ಕಪ್ಪಾದದ್ದು.

"ಟೀಚರೇ, ಅದು ರಿಜೆಕ್ಟ್ ಮಾಲು. ಎಂತಕ್ಕೆ ನಿಮಗೆ?"

"ಐವತ್ತೈದು ವರ್ಷದ ಹೊಟ್ಟೆ ಮಾಡ್ಲಿಕ್ಕುಂಟು. ನಿಮ್ಮ ಒಳ್ಳೆ ಶೀಟಿನಲ್ಲಿ ಮಾಡಿದ್ರೆ ಹದಿನೆಂಟರದ್ದಾಗ್ತದೆ."

ಪಾಪ, ಆ ಮನುಷ್ಯ ಅವತ್ತು ಮಧ್ಯಾಹ್ನದವರೆಗೆ ಯಾವ ಶೀಟಿಗೂ ಗ್ರೇಡ್ ಹಾಕಲಾರದೆ ಕೂತಿದ್ದರಂತೆ. ಪ್ರತಿಯೊಂದನ್ನು ಎತ್ತಿದಾಗಲೂ ಇದಕ್ಕೆ ಎಷ್ಟು ಪ್ರಾಯ ಎಂದು ಯೋಚನೆ ಬರುತ್ತಿತ್ತಂತೆ!

ಅಕ್ಕನ ಹಳೆಯ ಪರಿಚಯದ ಕೃಷಿಕರೊಬ್ಬರು ಗುತ್ತಿಗಾರಿನಿಂದ ಬಂದು, ತೋಟಕ್ಕೆ ಆನೆ ಬರುತ್ತದೆ, ಬೆದರಿಸಲಿಕ್ಕೆ ನಿಮ್ಮ ಒಂದು ಗೊಂಬೆ ಕೊಡಿ ಎಂದು ಕೇಳಿದರು. ನಾನಾದರೆ ಸಿಟ್ಟು ಮಾಡುತ್ತಿದ್ದೆ. ಅಕ್ಕ ಕೊಟ್ಟಳು! ಅದೂ ಎಲ್ಲಕ್ಕಿಂತ ದೊಡ್ಡದನ್ನು. ಎಂಟು ದಿನದಲ್ಲಿ ಜೀಪಿನಲ್ಲಿ ಅದು ವಾಪಸು ಬಂತು.

"ಆನೆ ಹೆದರ್ಲಿಲ್ಲ ಟೀಚರೇ. ಸುತ್ತ ಇದ್ದ ಬಾಳೆ ಪೂರಾ ತಿಂದು ಹೋಯ್ತು."

"ಇವಳನ್ನು ಮುಟ್ಟಿತಾ?"

"ಇಲ್ಲ, ಬದಿಯಿಂದ ಸುತ್ತು ಹಾಕಿ ಹೋಗಿದೆ."

"ಹಾಗಾದ್ರೆ ನಮ್ಮ ಬಸ್ಸಿನ ಗಂಡಸರಿಗಿಂತ ನಿಮ್ಮ ಆನೆಗೆ ಮರ್ಯಾದೆ ಹೆಚ್ಚು ಉಂಟು" ಎಂದಳು ಅಕ್ಕ. ಆ ಮನುಷ್ಯ ಚಹಾ ಕುಡಿಯದೆ ಹೋದರು.

ಇಷ್ಟು ಸಾಲದೆಂಬಂತೆ ಅಕ್ಕನಿಗೆ ಜೊತೆ ಒಬ್ಬಳು ಸಿಕ್ಕಿದಳು. ಜೊಹರಾ. ಕಡಬ ಪೇಟೆಯಲ್ಲಿ ರವಿಕೆ ಹೊಲಿಯುವ ಬ್ಯಾರಿ ಹೆಂಗಸು. ಇವರಿಬ್ಬರೂ ಸೇರಿದರೆ ಮೂರನೆಯವರಿಗೆ ಬಾಯಿ ತೆರೆಯಲಿಕ್ಕೆ ಜಾಗ ಇಲ್ಲ. ಜೊಹರಾ ಹಳೆ ರವಿಕೆಗಳ ಲೈನಿಂಗ್ ಬಟ್ಟೆಯನ್ನು ಬಿಚ್ಚಿ, ಅದರ ಮೇಲೆ ಚಾಕಿನ ಗೆರೆ, ಪಿನ್ನು, ಅಳತೆಯ ಚೀಟಿ ಎಲ್ಲ ಸೇರಿಸಿ ಕಸೂತಿ ಹಾಕುತ್ತಾಳೆ.

"ನನ್ನದರಲ್ಲಿ ಮೈ ಇಲ್ಲ ಅಣ್ಣ" ಎಂದು ನನಗೆ ವಿವರಿಸಿದ್ದಳು. "ಮೈ ಇದ್ದ ಜಾಗ ಮಾತ್ರ ಉಂಟು."

ಅರ್ಥವಾದವನ ಹಾಗೆ ತಲೆ ಆಡಿಸಿದ್ದೆ. ತಲೆ ಆಡಿಸುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸ ಉಂಟು.

ಇಬ್ಬರೂ ಸೇರಿ ಪುತ್ತೂರಿನಲ್ಲಿ ಒಂದು ಹಾಲ್ ಹಿಡಿದು ಭಾನುವಾರ ಪ್ರದರ್ಶನ ಇಡುವುದೆಂದು ತೀರ್ಮಾನವಾಯಿತು. ಅದಕ್ಕೆ ಹೊಸದಾಗಿ ಐದು ಆಳೆತ್ತರದ ಮೈ ಬೇಕು. ಒಳಗೆ ಕಬ್ಬಿಣದ ಹಂದರ, ಮೇಲೆ ರಬ್ಬರ್ ಶೀಟು, ಬಟ್ಟೆ, ಏನೇನೋ. ಹಂದರ ಮಾಡುವವ ಯಾರು? ನಾನೇ! ಅಕ್ಕ ಒಂದು ಕಾಗದ ತಂದುಕೊಟ್ಟಳು. ಜೊಹರಾ ಐದು ಹೆಂಗಸರ ಮೈಯ ಅಳತೆ ತೆಗೆದಿದ್ದಳು. ಹೆಸರಿಲ್ಲ. ಒಂದು, ಎರಡು, ಮೂರು, ನಾಲ್ಕು, ಐದು ಎಂದು ನಂಬ್ರ ಮಾತ್ರ.

"ಯಾರಿವರೆಲ್ಲ?"

"ಯಾರಾದ್ರೆ ನಿನಗೆಂತ? ಊರಿನವರೇ. ಒಪ್ಪಿ ಅಳತೆ ಕೊಟ್ಟಿದ್ದಾರೆ. ಬೇಡ ಅಂತ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ಹೇಳ್ಬಹುದು, ಆ ಮೈ ನಾವು ಇಡುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಅಳತೆ ಹೇಗುಂಟೋ ಹಾಗೆಯೇ ಮಾಡು. ನಿನ್ನ ಬುದ್ಧಿ ಉಪಯೋಗಿಸ್ಬೇಡ."

ಈ ಕೊನೆಯ ಮಾತು ನನಗೆ ಹಿಡಿಸಲಿಲ್ಲ. ಇದ್ದ ಬುದ್ಧಿಯನ್ನು ಉಪಯೋಗಿಸದೆ ಇಟ್ಟುಕೊಂಡು ಏನು ಮಾಡುವುದು?

ಕೆಲಸ ಸುರು ಮಾಡಿದೆ. ರಸ್ತೆ ಬದಿಯ ಅಂಗಡಿ. ಮರೆ ಇಲ್ಲ. ಸರಳು ಬಗ್ಗಿಸಿ ಮೊದಲ ಹೆಂಗಸಿನ ಎದೆ, ಸೊಂಟ ಆಗುವಷ್ಟರಲ್ಲಿ ಗೇಟು ಕೊಂಡುಹೋಗಲು ಗಿರಾಕಿಯೊಬ್ಬರು ಬಂದರು. ದೊಡ್ಡ ಮನುಷ್ಯರು. ಸರಪಳಿಯಲ್ಲಿ ನೇತಾಡುತ್ತಿದ್ದದ್ದನ್ನು ನೋಡಿ, "ಇದೆಂತ?" ಎಂದು ಕೇಳಿದರು. 

"ಹೂವಿನ ಚಟ್ಟಿ ಇಡುವ ಸ್ಟ್ಯಾಂಡು."

ಅವರು ಸುತ್ತು ಬಂದು ನೋಡಿದರು. "ಡಿಸೈನ್ ಒಳ್ಳೇದುಂಟು. ನಮ್ಮ ಮನೆ ಎದುರಿಗೂ ಎರಡು ಮಾಡಿ ಕೊಡಿ."

ಮಾಡಿಕೊಟ್ಟೆನೋ ಇಲ್ಲವೋ ಎಂದು ನೀವು ಕೇಳಬಾರದು.

ನನ್ನ ಹೆಂಡತಿ ಅಲ್ಲೇ ಮೂಲೆಯಲ್ಲಿ ಸರಳಿನ ತುಕ್ಕು ಉಜ್ಜುತ್ತಾ ಮುಖಕ್ಕೆ ಶಾಲು ಅಡ್ಡ ಹಿಡಿದು ನಗುತ್ತಿದ್ದಳು. ನೈಟಿಯ ಮೇಲೆ ನನ್ನದೊಂದು ಹಳೆ ಅಂಗಿ ಹಾಕಿಕೊಂಡು ಅಂಗಡಿಯ ಕೆಲಸಕ್ಕೆ ನಿಲ್ಲುವವಳು ಅವಳು. ಮದುವೆಯಾದಂದಿನಿಂದ ನನಗೆ ಬೇರೆ ಆಳಿನ ಅಗತ್ಯ ಬೀಳಲಿಲ್ಲ. ಇದನ್ನು ನಾನು ಹತ್ತು ಮಂದಿಯ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ.

ಮೂರನೇ ನಂಬ್ರಕ್ಕೆ ಬಂದಾಗ ಕೈ ನಿಂತಿತು. ಬಲ ಭುಜಕ್ಕಿಂತ ಎಡ ಭುಜ ಒಂದೂ ಮುಕ್ಕಾಲು ಇಂಚು ಕೆಳಗೆ! ಸೊಂಟ ಅದಕ್ಕೆ ಸರಿಯಾಗಿ ಇನ್ನೊಂದು ಬದಿಗೆ ಎದ್ದಿದೆ. ಬೆನ್ನು ಸೀದಾ ಇಲ್ಲ. ಮಿಕ್ಕವರ ಅಳತೆಯನ್ನು ನೋಡಿದರೆ ಅವೂ ಅಷ್ಟಿಷ್ಟು ಓರೆಯೇ. ಜೊಹರಾ ಟೇಪು ಎಳೆದು ಹಿಡಿದಿದ್ದಾಳೆ, ಮಾತಿನ ಗಡಿಬಿಡಿಯಲ್ಲಿ ತಪ್ಪು ಬರೆದಿದ್ದಾಳೆ ಎಂದು ತೀರ್ಮಾನಿಸಿದೆ. ಬಟ್ಟೆಯವರ ಲೆಕ್ಕವೇ ಹಾಗೆ. ಅರ್ಧ ಇಂಚು ಹೆಚ್ಚು ಕಡಿಮೆಯಾದರೆ ಒಳಗೆ ಮಡಚಿಬಿಡುತ್ತಾರೆ. ಕಬ್ಬಿಣವನ್ನು ಮಡಚಲಿಕ್ಕಾಗುತ್ತದಾ?

ಎಡದ ಅಳತೆ, ಬಲದ ಅಳತೆ ಕೂಡಿಸಿದೆ. ಎರಡರಿಂದ ಭಾಗಿಸಿದೆ. ಏಳನೇ ಕ್ಲಾಸಿನ ಗಣಿತ ಇಷ್ಟು ವರ್ಷದ ನಂತರ ಕಲೆಯ ಸೇವೆಗೆ ಬಂತಲ್ಲ ಎಂದು ಎದೆ ಉಬ್ಬಿತು. ಐದೂ ಹಂದರಗಳಿಗೆ ಮೂಲೆಮಟ್ಟ ಹಿಡಿದು, ಲೆವೆಲ್ ಇಟ್ಟು, ಬೆಸುಗೆಯ ಗಂಟುಗಳನ್ನೆಲ್ಲ ಗ್ರೈಂಡರಿನಲ್ಲಿ ನುಣ್ಣಗೆ ಮಾಡಿದೆ. ಕೈ ಆಡಿಸಿದರೆ ಎಲ್ಲಿಯೂ ತಡೆಯಬಾರದು, ಹಾಗೆ!

ಬುಧವಾರ ಪಿಕಪ್ಪಿನಲ್ಲಿ ತುಂಬಿಸಿ ಕೋಡಿಂಬಾಳಕ್ಕೆ ಕೊಂಡುಹೋದೆ. ಇಳಿಸಲಿಕ್ಕೆ ಹೆಂಡತಿಯೂ ಬಂದಿದ್ದಳು. ಐದನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಹೊಗಳಿಕೆಗಾಗಿ ಕಾದೆ. ಅಕ್ಕ ನೋಡಿದಳು. ಜೊಹರಾ ನೋಡಿದಳು. ಇಬ್ಬರೂ ಒಟ್ಟಿಗೆ ಸುಮ್ಮನಿದ್ದದ್ದನ್ನು ನಾನು ಮೊದಲ ಸಲ ಕಂಡೆ.

"ಜೊಹರಾ" ಎಂದಳು ಅಕ್ಕ, "ಐದು ಹೆಂಗಸರನ್ನು ಕಳಿಸಿದ್ದೆವು. ಇವ ಐದು ಗೇಟು ಮಾಡಿ ತಂದಿದ್ದಾನೆ."

"ಚಿಲಕ ಒಂದು ಇಡ್ಲಿಕ್ಕೆ ಮರೆತಿದ್ದಾರೆ ಅಕ್ಕ" ಎಂದಳು ಜೊಹರಾ.

"ಅಳತೆಯಲ್ಲಿ ತಪ್ಪಿತ್ತು, ಸರಿ ಮಾಡಿದ್ದೇನೆ" ಎಂದೆ.

"ಅಣ್ಣ, ಇಪ್ಪತ್ತೆಂಟು ವರ್ಷ ಅಳತೆ ತೆಗೆದಿದ್ದೇನೆ. ಎರಡು ಬದಿ ಸಮ ಇರುವ ಹೆಂಗಸನ್ನು ಒಬ್ಬಳನ್ನೂ ಕಂಡಿಲ್ಲ ನಾನು. ಹಾಗೆ ಇದ್ರೆ ನಮ್ಮಂಥವರಿಗೆ ಕೆಲಸ ಎಲ್ಲಿಂದ?"

ಸೋಲೊಪ್ಪುವ ಜಾತಿ ನನ್ನದಲ್ಲ. ಕಾಗದ ಬಿಡಿಸಿ ಬೆರಳಿಟ್ಟು ತೋರಿಸಿದೆ. "ಸ್ವಲ್ಪ ಓರೆ ಇರ್ಬಹುದು, ಒಪ್ಪಿದೆ. ಆದ್ರೆ ಇದು ನೋಡಿ, ಮೂರನೆಯವಳು! ಒಂದೂ ಮುಕ್ಕಾಲು ಇಂಚು! ಇದು ಹೆಂಗಸಾ, ಗಾಳಿಗೆ ಬಾಗಿದ ಬಾಳೆಯಾ? ಇಂಥವಳಿಗೆ ಗಂಡ ಇದ್ದಾನೋ ಇಲ್ವೋ? ಇದ್ರೆ ಅವ ಎಂತ ಮಾಡ್ತಾ ಇದ್ದಾನೆ? ಕಣ್ಣು ಕಾಣುದಿಲ್ವಾ ಅವನಿಗೆ? ಡಾಕ್ಟರಿಗೆ ತೋರಿಸ್ಬಾರ್ದಾ?"

ಜೊಹರಾ ಬಾಯಿಗೆ ನಾಲ್ಕು ಪಿನ್ನು ಕಚ್ಚಿಕೊಂಡು ಆಚೆ ತಿರುಗಿದಳು. ಅಕ್ಕ ನನ್ನನ್ನು ನೋಡಿದಳು, ಶಾಲೆಯಲ್ಲಿ ದಡ್ಡ ಹುಡುಗರನ್ನು ಟೀಚರು ನೋಡುವ ಹಾಗೆ. ಹೆಂಡತಿ ಪಿಕಪ್ಪಿನ ಹಗ್ಗ ಸುತ್ತುತ್ತಿದ್ದಳು. ನನ್ನ ತಮಾಷೆಗೆ ಯಾರೂ ನಗಲಿಲ್ಲವಲ್ಲ ಎಂದು ನನಗೆ ಬೇಸರವಾಯಿತು!

ಗುರುವಾರ ಬೆಳಿಗ್ಗೆ ಅಕ್ಕನ ಫೋನು.

"ನಾಲ್ಕನ್ನು ಹೇಗಾದ್ರೂ ಬಗ್ಗಿಸಿಕೊಳ್ತೇವೆ. ಮೂರನೆಯವಳು ಬೇಡ ಅಂತ ಹೇಳಿದ್ದಾಳೆ."

"ಯಾಕೆ?"

"ನೀನು ಆಡಿದ ಮಾತು ಕೇಳಿದ್ದಾಳೆ. ನನಗೆ ಸಾಕಾಯ್ತು, ನನ್ನನ್ನು ಇಡ್ಬೇಡಿ ಅಂದ್ಳು. ಇಡೀ ಪ್ರದರ್ಶನ ಮಾಡುದೇ ಅವಳ ಆಧಾರದಲ್ಲಿ ಇತ್ತು ಮಾರಾಯ. ನಡುವಿನಲ್ಲಿ ನಿಲ್ಬೇಕಾದವಳು ಅವಳು."

"ಅವಳು ಅಲ್ಲಿ ಎಲ್ಲಿದ್ಳು?"

"ಕಾಲು ಇಂಚು ಓರೆ ಕಾಣುವವ ನೀನಲ್ವಾ? ಹುಡುಕು" ಎಂದು ಫೋನ್ ಇಟ್ಟಳು.

ಲೆಕ್ಕ ಹಾಕಿದೆ. ಅಂಗಳದಲ್ಲಿ ಇದ್ದವರು ಅಕ್ಕ, ಜೊಹರಾ, ಮತ್ತೆ ನಾವಿಬ್ಬರು. ಅಕ್ಕನ ಮೈ ಹಲಗೆಯ ಮೇಲೆ ಆಗಲೇ ಬಂದಾಗಿದೆ. ಹಾಗಾದರೆ ಜೊಹರಾ! ಆಚೆ ತಿರುಗಿದ್ದು ಅದಕ್ಕೇ! ನಾನು ಎಂಥ ಬುದ್ಧಿವಂತ ನೋಡಿ. ನಾಲ್ಕರಲ್ಲಿ ಒಬ್ಬರನ್ನು ಹುಡುಕಲಿಕ್ಕೆ ಹೇಳಿದರೆ, ಒಬ್ಬಳನ್ನು ಎಣಿಸಿಯೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕ್ಷಮೆ ಕೇಳಿಬಿಡುವ ಎಂದು ಕಡಬಕ್ಕೆ ಬೈಕು ಬಿಟ್ಟೆ.

ಜೊಹರಾ ಮಿಷನಿನ ಮುಂದೆ ಕೂತಿದ್ದಳು. ನಾನು ಅವಳ ಭುಜವನ್ನೇ ನೋಡುತ್ತಾ ನಿಂತೆ.

"ಎಂತ ಅಣ್ಣ, ನನ್ನ ಹೆಗಲ ಮೇಲೆ ಎಂತಾದ್ರೂ ಕೂತಿದೆಯಾ?"

"ಅಲ್ಲ... ನಿನ್ನೆ ನಾನು ಹೇಳಿದ್ದು... ನೀವು ಬೇಸರ ಮಾಡ್ಬಾರ್ದು. ನೀವು ಅಷ್ಟೇನೂ ಓರೆ ಇಲ್ಲ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮಿಷನಿನ ಮೇಲೆ ಕೈ ಬಡಿದುಕೊಂಡು ನಕ್ಕಳು. "ನಾನಲ್ಲ ಅಣ್ಣ! ನನ್ನದು ಬಲ ಭುಜ ಇಳಿದದ್ದು. ಈ ಮಿಷನ್ ಇಳಿಸಿದ್ದು ಅದನ್ನು. ಬೀಡಿ ಕಟ್ಟುವವಳನ್ನು ಕುತ್ತಿಗೆಯಲ್ಲಿ ಗುರ್ತ ಹಿಡೀಬಹುದು. ರಬ್ಬರ್ ಟ್ಯಾಪಿಂಗಿಗೆ ಹೋಗುವವಳನ್ನು ಸೊಂಟದಲ್ಲಿ. ಯಾರ್ಯಾರು ಎಂತ ಕೆಲಸ ಮಾಡ್ತಾರೆ ಅಂತ ಟೇಪು ಹಿಡಿದ್ರೆ ಸಾಕು, ಬಾಯಿಬಿಟ್ಟು ಹೇಳ್ಬೇಕು ಅಂತ ಇಲ್ಲ."

"ಹಾಗಾದ್ರೆ ಮೂರನೆಯವಳು?"

ನಗು ನಿಂತಿತು. ದಾರ ಕಚ್ಚಿ ತುಂಡು ಮಾಡಿದಳು. "ಹೆಸರು ಹೇಳುದಿಲ್ಲ ಅಂತ ಮಾತು ಉಂಟು. ಒಂದು ಹೇಳ್ತೇನೆ. ಹನ್ನೆರಡು ವರ್ಷದಿಂದ ಅವಳ ರವಿಕೆಗೆ ಎಡ ಭುಜದ ಒಳಗೆ ಒಂದು ಪದರ ಬಟ್ಟೆ ಹೆಚ್ಚು ಇಟ್ಟು ಹೊಲೀತೇನೆ. ಹೊರಗಿಂದ ನೋಡಿದ್ರೆ ಎರಡು ಬದಿ ಸಮ ಕಾಣ್ಬೇಕು, ಮನೆಯವರಿಗೆ ಗೊತ್ತಾಗ್ಬಾರ್ದು ಅಂತ ಅವಳೇ ಹೇಳಿದ್ದು."

"ಯಾಕೆ ಗೊತ್ತಾಗ್ಬಾರ್ದು?"

"ಅವರಿಗೆ ಓರೆ ಕಂಡ್ರೆ ಊಟ ಸೇರುದಿಲ್ಲ ಅಂತೆ."

ಬೈಕು ಕಾಣಿಯೂರಿಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ. ಆದರೂ ದಾರಿಯುದ್ದಕ್ಕೂ, ಬೇರೆ ಮನೆಯಲ್ಲಿಯೂ ಓರೆ ಕಂಡರೆ ಊಟ ಸೇರದ ಗಂಡಸು ಇರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಬಂದೆ. ನೋಡಿ, ಮನುಷ್ಯ ಎಷ್ಟು ಗಟ್ಟಿ ಇರುತ್ತಾನೆ!

ಅಂಗಡಿಯ ಎದುರು ಪೈಪಿನ ಲಾರಿ ನಿಂತಿತ್ತು. ಇಪ್ಪತ್ತಡಿ ಉದ್ದದ ಚೌಕ ಪೈಪು. ನಮ್ಮ ಇಳಿಸುವ ಕ್ರಮ ಹೀಗೆ: ಮುಂದಿನ ತುದಿಯನ್ನು ನಾನು ಕೈಯಲ್ಲಿ ಹಿಡಿದು, ಹಿಂದೆ ಹಿಂದೆ ನಡೆಯುತ್ತಾ, ಸ್ವಲ್ಪ ಈಚೆ, ಸ್ವಲ್ಪ ಆಚೆ ಎಂದು ದಾರಿ ತೋರಿಸುವುದು. ಹಿಂದಿನ ತುದಿ ಹೆಂಡತಿಯ ಭುಜದಲ್ಲಿ. ಪೈಪು ಜೋಡಿಸುವ ಕಟ್ಟೆಯನ್ನು ನಾನು ಎಡಗೋಡೆಗೆ ಕಟ್ಟಿಸಿದ್ದರಿಂದ ಅವಳು ಎಡ ಭುಜದಲ್ಲೇ ಹೊರಬೇಕು. ದಾರಿ ನನ್ನದು, ಭಾರ ಅವಳದ್ದು. ಮದುವೆಯಾಗಿ ಇಪ್ಪತ್ತೆರಡು ವರ್ಷ, ವಾರಕ್ಕೊಂದು ಲಾರಿ. ಇದನ್ನು ಯಾವತ್ತೂ ಲೆಕ್ಕ ಎಂದು ನಾನು ನೋಡಿದವನೇ ಅಲ್ಲ.

ಅವಳು ಆಗಲೇ ಒಂದು ಪೈಪು ಹೆಗಲಿಗೇರಿಸಿ ಕಾಯುತ್ತಿದ್ದಳು. ನಾನು ಮುಂದಿನ ತುದಿ ಹಿಡಿದೆ. ಅಭ್ಯಾಸದ ಬಲ, ಪೈಪು ಬಗ್ಗಿದೆಯಾ ಎಂದು ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದೆ.

ಪೈಪು ಸೀದಾ ಇತ್ತು.

"ಎಂತ ನೋಡುದು? ನಡೀರಿ."

"ನೀನಾ?"

"ಎಂತ ನಾನಾ?"

"ಮೂರನೆಯವಳು."

"ಮೊದ್ಲು ಇದನ್ನು ಇಳಿಸುವಾ. ಭಾರ ಆಗ್ತದೆ" ಎಂದಳು.

ಇಳಿಸಿದೆವು. ಉಳಿದದ್ದನ್ನೆಲ್ಲ ನಾನೂ ಲಾರಿಯ ಡ್ರೈವರೂ ಸೇರಿ ಇಳಿಸಿದೆವು. ಲಾರಿ ಹೋದ ಮೇಲೆ ಅವಳು ಕೈ ತೊಳೆದು ಬಂದು ನನ್ನ ಎದುರು ನಿಂತಳು.

"ನಿನ್ನೆ ಎಲ್ಲರ ಎದುರು ಕೇಳಿದ್ರಲ್ಲ, ಡಾಕ್ಟರಿಗೆ ತೋರಿಸ್ಬಾರ್ದಾ ಅಂತ."

"ಕೇಳಿದ್ದೆ."

"ಈಗ ಕೇಳಿ."

ದಿನವಿಡೀ ಗ್ರೈಂಡರಿನ ಸದ್ದನ್ನು ಮೀರಿಸಿ ಮಾತಾಡುವ ಗಂಟಲು ನನ್ನದು. ಅವತ್ತು ಮೆಲ್ಲಗೆ, "ನೋವುಂಟಾ?" ಎಂದೆ.

"ಮಳೆಗಾಲದಲ್ಲಿ ಉಂಟು. ಕೈ ಮೇಲೆತ್ತಿ ಜಡೆ ಹಾಕ್ಲಿಕ್ಕೆ ಆಗುದಿಲ್ಲ." ಎರಡು ವರ್ಷದಿಂದ ಅವಳು ತುರುಬು ಕಟ್ಟುವುದನ್ನು ನೋಡಿ, ಫ್ಯಾಷನ್ ಸುರುವಾಯಿತಾ ಎಂದು ತಮಾಷೆ ಮಾಡಿದ್ದವನು ನಾನೇ.

"ನನಗೆ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನೀವು ಆಳು ಇಡ್ತೀರಿ. ನನ್ನ ಹೆಂಡತಿ ಇರುವಾಗ ಆಳು ಬೇಡ ಅಂತ ಮತ್ತೆ ಯಾರ ಹತ್ರ ಹೇಳ್ಲಿಕ್ಕಾಗ್ತದೆ ನಿಮಗೆ? ಅದು ಹೇಳುವಾಗ ನಿಮ್ಮ ಮುಖ ನೋಡ್ಲಿಕ್ಕೆ ಒಳ್ಳೇದಿರ್ತದೆ." ಮತ್ತೆ ಹೇಳಿದಳು: "ಅತ್ತಿಗೆ ಕೇಳಿದ್ರು, ನಿನ್ನನ್ನು ಒಂದು ಸಲ ಸರಿಯಾಗಿ ನೋಡ್ತೇನೆ, ಆಗ್ಬಹುದಾ ಅಂತ. ಆಗ್ಲಿ ಅಂದೆ. ಅಷ್ಟೇ."

"ಇನ್ನೊಮ್ಮೆ ಮಾಡ್ತೇನೆ. ಸರಿಯಾಗಿ. ಇಡ್ಲಿಕ್ಕೆ ಬಿಡು."

ಅವಳು ಯೋಚಿಸಿದಳು. ನನ್ನ ಮುಖ ನೋಡಿ ಅಲ್ಲ, ನೆಲದಲ್ಲಿ ಬಿದ್ದಿದ್ದ ಸರಳಿನ ತುಂಡುಗಳನ್ನು ನೋಡಿ.

"ಗ್ರೈಂಡರ್ ಮುಟ್ಟಬಾರ್ದು. ಬೆಸುಗೆ ಹೇಗೆ ಬರ್ತದೋ ಹಾಗೆ ಬಿಡ್ಬೇಕು. ಒಪ್ಪಿಗೆ ಇದ್ರೆ ನಿಲ್ತೇನೆ."

ಶುಕ್ರವಾರ ಶಟರ್ ಅರ್ಧ ಎಳೆದು ಕೆಲಸಕ್ಕೆ ಕೂತೆ. ಜೊಹರಾಳ ಕಾಗದ ಇತ್ತು. ಅದನ್ನು ನೋಡಿಯೇ ಮಾಡಬಹುದಿತ್ತು. ಆದರೂ ನಾನೇ ಅಳೆಯುತ್ತೇನೆಂದು ಹಟ ಹಿಡಿದೆ. ಅವಳು ರವಿಕೆಯಲ್ಲಿ ನಿಂತಳು. ನನ್ನ ಕಬ್ಬಿಣದ ಟೇಪನ್ನು ಭುಜಕ್ಕೆ ತಾಗಿಸಿದ ಕೂಡಲೇ ಹಾರಿಬಿದ್ದಳು.

"ಅಯ್ಯೋ, ತಣ್ಣಗೆ ಉಂಟು ಮಾರಾಯ್ರೆ!"

ಟೇಪನ್ನು ಎರಡು ಅಂಗೈಯ ನಡುವೆ ಹಿಡಿದು ಬೆಚ್ಚಗಾಗುವವರೆಗೆ ಕಾದೆ. ಗಿರಾಕಿಯೊಬ್ಬರು ಶಟರಿನ ಕೆಳಗೆ ಬಗ್ಗಿ ನೋಡಿ, ನಾನು ಕೈಮುಗಿದು ನಿಂತಿದ್ದೇನೆಂದು ಭಾವಿಸಿ, ಪೂಜೆ ಮುಗಿಯಲಿ ಎಂದು ಹೋದರು. ನಾನು ತಿದ್ದಲಿಲ್ಲ.

ಒಂದೂ ಮುಕ್ಕಾಲು ಇಂಚು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಜೊಹರಾಳ ಟೇಪು ತಪ್ಪಿರಲಿಲ್ಲ.

ಗೇಟು ಮಾಡುವುದು ಸುಲಭ ಸ್ವಾಮಿ. ಓರೆಯಾದದ್ದನ್ನು ಓರೆಯಾಗಿಯೇ ಬೀಳದಂತೆ ನಿಲ್ಲಿಸುವುದುಂಟಲ್ಲ, ಅದಕ್ಕೆ ಕೆಲಸ ಗೊತ್ತಿರಬೇಕು. ಎಡ ಭುಜ ಇಳಿಸಿದರೆ ಹಂದರ ಆ ಬದಿಗೆ ಮಗುಚುತ್ತಿತ್ತು. ಮೂರು ಸಲ ಮಗುಚಿತು. ಸೊಂಟವನ್ನು ಅವಳಲ್ಲಿ ಇರುವಷ್ಟೇ ಆಚೆ ಎತ್ತಿದ ಮೇಲೆ ತನ್ನಷ್ಟಕ್ಕೆ ನಿಂತಿತು. ಅಂದರೆ ಅವಳ ಮೈ ಇಪ್ಪತ್ತೆರಡು ವರ್ಷ ಸ್ವಲ್ಪ ಸ್ವಲ್ಪವೇ ಈ ಲೆಕ್ಕವನ್ನು ತಾನೇ ಮಾಡಿಕೊಂಡಿತ್ತು, ನನ್ನ ಭಾಗಾಕಾರದ ಸಹಾಯ ಇಲ್ಲದೆ. ಗ್ರೈಂಡರ್ ಬದಿಯಲ್ಲೇ ಇತ್ತು. ಕೈ ಎಷ್ಟೋ ಸಲ ಅತ್ತ ಹೋಯಿತು. ಅವಳು ಕೆಮ್ಮಿದಳು. ಕೈ ವಾಪಸು ಬಂತು.

ಭಾನುವಾರ ಪುತ್ತೂರಿನ ಹಾಲಿನಲ್ಲಿ ನಡುವೆ ನಿಂತದ್ದು ಅದೇ. ಅಕ್ಕ ಹೊಟ್ಟೆಗೆ, ಬೆನ್ನಿಗೆ ಕಲೆ ಬಿದ್ದ ರಬ್ಬರ್ ಶೀಟು ಹೊದಿಸಿದ್ದಳು. ಜೊಹರಾ ನನ್ನ ಹೆಂಡತಿಯ ಹಳೆ ರವಿಕೆಯ ಎಡ ಭುಜದಿಂದ ಆ ಹೆಚ್ಚಿನ ಪದರ ಬಟ್ಟೆ ಬಿಚ್ಚಿ ಪಕ್ಕದಲ್ಲಿ ಪಿನ್ನು ಚುಚ್ಚಿ ಇಟ್ಟಿದ್ದಳು. ಎಡ ಭುಜಕ್ಕೆ ಮಾತ್ರ ಇಬ್ಬರೂ ಏನನ್ನೂ ಹೊದಿಸಿರಲಿಲ್ಲ. ಅಲ್ಲಿ ಬರೀ ಕಬ್ಬಿಣ, ಬೆಸುಗೆಯ ಗಂಟುಗಳು. ನನ್ನ ಜೀವಮಾನದಲ್ಲೇ ಅಷ್ಟು ಒರಟು ಕೆಲಸವನ್ನು ನಾನು ಅಂಗಡಿಯಿಂದ ಹೊರಗೆ ಕಳಿಸಿದ್ದಿಲ್ಲ. ಹೆಂಗಸರು ತುಂಬಾ ಬಂದಿದ್ದರು. ಒಳಗೆ ಬರುವಾಗ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದವರು ಅದರ ಎದುರು ಬಂದಾಗ ಸುಮ್ಮನೆ ತಮ್ಮ ತಮ್ಮ ಭುಜ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಇದು ಯಾರು ಮಾಡಿದ್ದು ಎಂದು ಯಾರೋ ಕೇಳಿದರು. ನಾನು ಎಂದು ಹೇಳಲು ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಅಪರಿಚಿತರಿಗೆ ಗೇಟು ತೋರಿಸುವ ಬಾಯಿ!

ಜನ ಕಡಿಮೆಯಾದ ಮೇಲೆ ಹೆಂಡತಿ ಅದರ ಹತ್ತಿರ ಹೋದಳು. ಸುತ್ತು ಬಂದಳು. ತನ್ನ ಬೆನ್ನನ್ನು ತಾನು ನೋಡಲಿಕ್ಕಾಗುವುದಿಲ್ಲವಲ್ಲ, ಹಾಗಾಗಿ ಹಿಂದೆ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಆ ಕಬ್ಬಿಣದ ಭುಜದ ಮೇಲೆ ಅಂಗೈ ಇಟ್ಟು, ನೆರೆಮನೆಯವಳ ವಿಷಯ ಹೇಳುವ ಹಾಗೆ ಅಕ್ಕನಿಗೆ ಹೇಳಿದಳು:

"ಪಾಪ ಅತ್ತಿಗೆ. ಇವಳಿಗೆ ಎಷ್ಟು ಸುಸ್ತಾಗಿರ್ಬೇಕು."

ಇಪ್ಪತ್ತೆರಡು ವರ್ಷದಲ್ಲಿ ಶೆಡ್ಡು ಬಿಸಿ ಎಂದಿದ್ದಾಳೆ, ಪೈಪು ಭಾರ ಎಂದಿದ್ದಾಳೆ, ಕಿಡಿ ಹಾರುತ್ತದೆ ಎಂದಿದ್ದಾಳೆ. ಸುಸ್ತು ಎಂಬ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಯಾವತ್ತೂ ಬಾಯಿ ಮುಚ್ಚದ ಅಕ್ಕ ತಲೆ ತಗ್ಗಿಸಿ ಜೊಹರಾಳ ಕೈ ಹಿಡಿದುಕೊಂಡಳು.

ಗೋಡೆ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟಿದ್ದರು. ನಾನು ಒಂದನ್ನು ಎಳೆದು ತಂದು ಹೆಂಡತಿಯ ಹಿಂದೆ ಇಟ್ಟೆ.

"ಕೂತ್ಕೋ."

"ಎಲ್ಲರೂ ನಿಂತಿದ್ದಾರೆ. ಎಂತ ನೀವು?"

"ನೀನು ಕೂತ್ಕೋ."

ಕೂತಳು. ಮೂರನೆಯವಳು ಎದುರಿಗೆ ನಿಂತೇ ಇದ್ದಳು. ಅವಳು ನಿಂತರೆ ಅಡ್ಡಿ ಇಲ್ಲ. ಅವಳು ಕಬ್ಬಿಣ.